ವರ್ತುಲದಲ್ಲಿ ತಿರುಗದ ಕುದುರೆ



ಆಷಾಢ ಏಕಾದಶಿಯು ಸಮೀಪಿಸಿದಂತೆ ನಮ್ಮ ಸೊಲ್ಲಾಪುರ ಜಿಲ್ಲೆಯ ಮಾಳಶಿರಸ ಹಾಗೂ ಪಂಢರಪುರ ತಾಲೂಕುಗಳ ಬಯಲುಗಳಲ್ಲಿ ‘ರಿಂಗಣ’ವೆಂಬ ನೋಟವೊಂದು ಕಾಣಸಿಗುತ್ತದೆ. ಆಳಂದಿಯಿಂದ ಹೊರಟ ಜ್ಞಾನೇಶ್ವರ ಮಹಾರಾಜರ ಪಲ್ಲಕ್ಕಿಯು ಪುರಂದಾವಡೆ, ಖುಡೂಸ, ವಾಖರಿ ಮೊದಲಾದೆಡೆಗಳಲ್ಲಿ ವಿಶಾಲವಾದ ಹೊಲಕ್ಕೆ ಇಳಿಯುವದು. ಪಲ್ಲಕ್ಕಿಯನ್ನು ನಡುವೆ ಇರಿಸಿ, ಸುತ್ತಲೂ ಲಕ್ಷಾವಧಿ ವಾರಕರಿಗಳು ಬಳೆಯಾಕಾರವಾಗಿ ನೆರೆಯುವರು. ಆ ಜನಸಾಗರದ ನಡುವೆ ಓಣಿಯಂತೆ ಒಂದು ದುಂಡು ದಾರಿಯನ್ನು ಬಿಟ್ಟಿರುತ್ತಾರೆ. ಆ ದಾರಿಯಲ್ಲಿ ಎರಡು ಕುದುರೆಗಳು ಓಡಬೇಕು. ಒಂದರ ಮೇಲೆ ಧ್ವಜವನ್ನು ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಮೇಲೆ ಜೀನು ಮಾತ್ರವಿದ್ದು ಸವಾರನಿರುವದಿಲ್ಲ. ಅದು ಮಾವುಲಿಯ ಕುದುರೆ. ತಾಳ ಮೃದಂಗಗಳ ಘೋಷದ ನಡುವೆ ಅವು ಸುತ್ತು ಹಾಕಿ ಹೋದ ಮೇಲೆ ಗೊರಸಿನ ಗುರುತಿನ ಮಣ್ಣನ್ನು ಜನರು ಹಣೆಗೆ ಹಚ್ಚಿಕೊಳ್ಳುವರು.

ಈ ಕುದುರೆಗಳು ಬರುವದು ಎಲ್ಲಿಂದ? ನಮ್ಮ ಕನ್ನಡ ನಾಡಿನಿಂದ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲೆ ಅಂಕಲಿಯೆಂಬ ಊರಿದೆ. ಅಲ್ಲಿಯ ಶಿತೋಳೆ ಸರಕಾರ ಮನೆತನದವರು ಈ ಸೇವೆಯನ್ನು ನಡೆಯಿಸಿಕೊಂಡು ಬಂದಿದ್ದಾರೆ. 1832ರಲ್ಲಿ ಹೈಬತಬಾಬಾ ಆರಫಳಕರರು ಈ ಪಲ್ಲಕ್ಕಿಯ ಮೆರವಣಿಗೆಗೆ ಇಂದಿನ ರೂಪವನ್ನು ಕೊಟ್ಟಂದಿನಿಂದ ಅಂಕಲಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಕುದುರೆಗಳನ್ನು ವಾಹನದಲ್ಲಿ ಸಾಗಿಸುವದಿಲ್ಲ. ಅಂಕಲಿಯಿಂದ ಆಳಂದಿಯವರೆಗೆ ಅವು ಕಾಲ್ನಡಿಗೆಯಿಂದಲೇ ಹೋಗುತ್ತವೆ.

ಬಾಲ್ಯದಲ್ಲಿ ರಿಂಗಣವನ್ನು ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಕುದುರೆಗಳ ವೇಗವೊಂದೇ. ಈಗ ನಾನು ವೇಗವನ್ನು ನೋಡುವದಿಲ್ಲ. ಅವು ತಿರುಗುವ ಬಗೆಯನ್ನು ನೋಡುತ್ತೇನೆ. ನೇರ ದಾರಿಯಲ್ಲಿ ಯಾವ ಕುದುರೆಯೂ ಓಡೀತು. ದುಂಡಗೆ ಓಡುವದು ಬೇರೆಯೇ ವಿದ್ಯೆ. ಇದನ್ನು ನನಗೆ ಕಲಿಸಿದ್ದು ದುಂಡಗೆ ತಿರುಗಲು ಒಪ್ಪದಿದ್ದ ಒಂದು ಕುದುರೆ. ಅದರ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮುತ್ಯಾ ಅಕ್ಕಲಕೋಟ ರೋಡ ಸ್ಟೇಶನ್ನಿನಿಂದ ಅಕ್ಕಲಕೋಟೆಯ ಊರೊಳಗೆ ಟಾಂಗಾ ಹೊಡೆಯುತ್ತಿದ್ದರು. ರೈಲಿನಿಂದಿಳಿದು ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರೇ ಅವರ ಅನ್ನದಾತರು. ಮುಂಜಾನೆ ಟಾಂಗಾ ಹೂಡುವ ಮುನ್ನ ಕುದುರೆಯ ಕುತ್ತಿಗೆಯಿಂದ ಬೆನ್ನಿನವರೆಗೆ ಅಂಗೈಯನ್ನು ಒಮ್ಮೆ ಎಳೆಯುವದು ಅವರ ಪದ್ಧತಿ. ಅದು ಅವರ ಮುದ್ದಾಟವೆಂದು ನಾನು ತಿಳಿದಿದ್ದೆ. ಅದರ ಅರ್ಥವು ನನಗೆ ತಿಳಿದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ನಾನಂತೂ ಟಾಂಗಾದಲ್ಲಿ ಕುಳಿತವನೇ ಹೊರತು ಕುದುರೆಯ ಬೆನ್ನಿನ ಮೇಲೆ ಕುಳಿತವನಲ್ಲ.

ನನ್ನ ಮಗಳು ಏಳನೆಯ ಇಯತ್ತೆಯಲ್ಲಿದ್ದಾಗ ಕುದುರೆ ಸವಾರಿಯನ್ನು ಕಲಿಯುವ ಹಟ ಹಿಡಿದಳು. ಊರ ಹೊರಗೆ ಒಂದು ಸಣ್ಣ ಸವಾರಿಶಾಲೆಯಿತ್ತು. ಅಲ್ಲಿ ಕಲಿಸುವವರು ಜತ್ತದ ಕಡೆಯವರು. ಸೈನ್ಯದ ಕುದುರೆಪಡೆಯಲ್ಲಿ ಚಾಕರಿ ಮಾಡಿ ನಿವೃತ್ತರಾದ ದಫೇದಾರರು. ಮಗಳನ್ನು ಬಿಟ್ಟು ಮರದ ನೆರಳಿನಲ್ಲಿ ಪತ್ರಿಕೆಯನ್ನೋದುತ್ತ ಕೂಡುವದು ನನ್ನ ಯೋಚನೆ. ದಫೇದಾರರು ಮೊದಲನೆಯ ದಿನವೇ, “ಮಾಸ್ತರ್ರ, ಇಲ್ಲಿ ಕೂತು ನೋಡಾವ್ರಿಗೆ ಕುರ್ಚಿ ಇಲ್ಲ” ಎಂದರು. ಹೀಗೆ ನಾಲ್ವತ್ಮೂರನೆಯ ವಯಸ್ಸಿನಲ್ಲಿ ನಾನು ವಿದ್ಯಾರ್ಥಿಯಾದೆ. ಮಗಳಿಗೆ ಸಾಧುವಾದ ಮುದಿ ಹೆಣ್ಣುಕುದುರೆಯನ್ನು ಕೊಟ್ಟರು. ನನ್ನ ಪಾಲಿಗೆ ಬಂದದ್ದು ಬಾದಲ.

ಬಾದಲ ಕಂದು ಬಣ್ಣದ, ಗಿಡ್ಡ ಕಾಲಿನ, ಗಟ್ಟಿ ಗೊರಸಿನ ಗಂಡು. ಭೀಮಥಡಿಯ ತಳಿಯ ರಕ್ತ ಅದರಲ್ಲಿ ಇದ್ದೀತೆಂದು ದಫೇದಾರರ ಅಭಿಪ್ರಾಯ. ‘ಭೀಮಥಡಿ’ ಎಂದರೆ ಭೀಮಾನದಿಯ ತಡಿ. ಮರಾಠಿಯ ‘ಥಡಿ’, ನಮ್ಮ ‘ತಡಿ’ ಒಂದೇ ಮಾತಿನ ಎರಡು ಉಚ್ಚಾರಗಳು. ಈ ದಂಡೆಯ ತಟ್ಟುಗಳು ನೋಡಲು ಸಣ್ಣವಾದರೂ ಬಿಸಿಲು, ಬರ, ಕಲ್ಲುದಾರಿ ಎಲ್ಲವನ್ನೂ ತಾಳಿಕೊಳ್ಳತಕ್ಕವು. 1758ರಲ್ಲಿ ಸಿಂಧೂ ತೀರದ ಅಟಕದವರೆಗೆ ಹೋದ ಮರಾಠರ ದಂಡಿನಲ್ಲಿ ಇಂಥ ತಟ್ಟುಗಳಿಗೆ ದೊಡ್ಡ ಹೆಸರು. ಇತ್ತೀಚಿನ ವರ್ಷಗಳಲ್ಲಿ ಸರಕಾರವೂ ಭೀಮಥಡಿಯನ್ನು ಒಂದು ಸ್ವತಂತ್ರ ತಳಿಯೆಂದು ಮನ್ನಿಸಿದೆ.

ಆದರೆ ಬಾದಲನ ಆಯುಷ್ಯವೆಲ್ಲ ಕಳೆದದ್ದು ದಂಡಿನಲ್ಲಲ್ಲ, ಮದುವೆಯ ವರಾತಗಳಲ್ಲಿ. ಬೆನ್ನ ಮೇಲೆ ಮದುಮಗನನ್ನು ಹೊತ್ತು, ಬ್ಯಾಂಡಿನ ಸದ್ದಿಗೆ ಮುಂಗಾಲೆತ್ತಿ ಕುಣಿಯಲು ಅದಕ್ಕೆ ಕಲಿಸಿದ್ದರು. ಕುಣಿಯುವ ಕುದುರೆಯ ತಲೆ ಮೇಲಕ್ಕೆ ನಿಂತಿರಬೇಕೆಂದು ಲಗಾಮನ್ನು ಸದಾ ಬಿಗಿಹಿಡಿದಿದ್ದರು. ಮೋತದಾರನು ಯಾವಾಗಲೂ ಅದರ ಎಡಮಗ್ಗುಲಲ್ಲಿ ನಡೆಯುತ್ತಿದ್ದನು. ಹತ್ತು ವರ್ಷ ಹೀಗೆ ನಡೆದ ಪ್ರಾಣಿಗೆ ಜಗತ್ತಿನಲ್ಲಿ ಎಡಗಡೆಯೊಂದೇ ಇರುವದೆಂದು ತೋರಿದ್ದರೆ ಆಶ್ಚರ್ಯವಿಲ್ಲ.

ಮೊದಲನೆಯ ವಾರ ಹೆಜ್ಜೆನಡಿಗೆ. ಎಡಕ್ಕೆ ಸುತ್ತು ಹಾಕುವಾಗ ಬಾದಲ ಹೇಗೋ ತಿರುಗುತ್ತಿತ್ತು. ಬಲಕ್ಕೆ ಹೊರಳಿಸಿದೊಡನೆ ಅದರ ಮೈ ತೊಲೆಯಂತೆ ಆಗುವದು. ನಾನು ಬಲ ಲಗಾಮನ್ನು ಎಳೆದರೆ ಮೂತಿಯು ಬಲಕ್ಕೆ ಬರುವದು, ಮೈ ಮಾತ್ರ ಎಡಕ್ಕೆ ಜಾರುವದು. ನಮ್ಮ ದಾರಿ ವರ್ತುಲವಾಗುವದರ ಬದಲು ಬೇಲಿಯವರೆಗೆ ಒಂದು ನೇರ ಗೆರೆ, ಅಲ್ಲಿ ಒಂದು ಜಗ್ಗಾಟ, ಮತ್ತೊಂದು ನೇರ ಗೆರೆ ಆಗುತ್ತಿತ್ತು. ಕುಕ್ಕುಲೋಟಕ್ಕೆ ಬಿಟ್ಟಾಗಲಂತೂ ಅದರ ಬೆನ್ನು ಹಲಗೆಯಂತೆ ನನ್ನನ್ನು ಮೇಲಕ್ಕೆ ಎಸೆಯುವದು. ಮನೆಗೆ ಬಂದು ಕುರ್ಚಿಯ ಮೇಲೆ ಕೂಡಲು ದಿಂಬು ಬೇಕಾಗುತ್ತಿತ್ತು. ಮಗಳ ಕುದುರೆಯೋ ಬೆಣ್ಣೆಯಂತೆ ಹರಿಯುತ್ತಿತ್ತು. ಅದು ಇನ್ನೊಂದು ನೋವು.

“ಇದು ಬಹಳ ಬಿಗಿಯಾದ ಕುದುರೆ” ಎಂದು ನಾನು ದೂರಿದಾಗ ದಫೇದಾರರು ನನ್ನ ಮೊಣಕಾಲನ್ನೂ ಮುಷ್ಟಿಯನ್ನೂ ನೋಡಿ, “ಬಿಗಿ ಆಗಿದ್ದು ಕುದುರಿನೋ ನೀವೋ?” ಎಂದರು. ಅದು ಗೇಲಿಯೆಂದು ನಾನು ಮುಖ ಗಂಟಿಕ್ಕಿದೆ. ಅದು ಪ್ರಶ್ನೆಯಾಗಿತ್ತು.

ಇಲ್ಲಿ ಸ್ವಲ್ಪ ನಿಂತು, ಕುದುರೆ ತಿರುಗುವದೆಂದರೇನು ಎಂಬುದನ್ನು ನೋಡೋಣ. ಮನುಷ್ಯನ ಕುತ್ತಿಗೆಯಲ್ಲಿ ಏಳು ಮಣಿಗಳು. ಕುದುರೆಯ ಕುತ್ತಿಗೆಯಲ್ಲಿಯೂ ಏಳೇ. ಪಕ್ಕೆಲುಬುಗಳು ಅಂಟಿಕೊಂಡ ಬೆನ್ನಿನ ಮಣಿಗಳು ಮಾತ್ರ ನಮಗೆ ಹನ್ನೆರಡು, ಕುದುರೆಗೆ ಹದಿನೆಂಟು. ಈ ಬೆನ್ನು ಅಕ್ಕಪಕ್ಕಕ್ಕೆ ಬಗ್ಗುವದು ಅತ್ಯಲ್ಪ. ಕುತ್ತಿಗೆಯಾದರೋ ಧಾರಾಳವಾಗಿ ಬಗ್ಗುತ್ತದೆ. ಆದುದರಿಂದ ಲಗಾಮನ್ನೆಳೆದು ಕುತ್ತಿಗೆಯನ್ನು ಬಗ್ಗಿಸಿದ ಮಾತ್ರಕ್ಕೆ ಕುದುರೆ ತಿರುಗಿತೆಂದು ತಿಳಿಯಬಾರದು. ಇನ್ನೊಂದು ವಿಶೇಷವಿದೆ. ಕುದುರೆಗೆ ನಮ್ಮಂತೆ ಕೊರಳೆಲುಬು ಇಲ್ಲ. ಅದರ ಎದೆಗೂಡು ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತದೆ. ಬಲಕ್ಕೆ ತಿರುಗುವಾಗ ಈ ಎದೆಗೂಡು ತುಸು ಎಡಕ್ಕೆ ಸರಿದು, ಬಲ ಹಿಂಗಾಲು ಹೊಟ್ಟೆಯ ಕೆಳಗೆ ಮುಂದಕ್ಕೆ ಬಂದು ಭಾರವನ್ನು ಹೊರಬೇಕು. ಒಂದು ಮಗ್ಗುಲಿನ ಸ್ನಾಯುಗಳು ಸಡಿಲಿ ಉದ್ದವಾಗಲು ಒಪ್ಪದಿದ್ದರೆ ಇದೊಂದೂ ನಡೆಯದು.

ಇನ್ನು ಗಣಿತ. ದಫೇದಾರರು ನಮಗೆ ಹಾಕಿಸುತ್ತಿದ್ದ ದೊಡ್ಡ ಸುತ್ತಿನ ವ್ಯಾಸ 20 ಮೀಟರ; ಸಣ್ಣ ಸುತ್ತಿನದು 10 ಮೀಟರ. 22/7ನ್ನು ಹಿಡಿದು ಲೆಕ್ಕ ಹಾಕಿದರೆ ಪರಿಘಗಳು ಸುಮಾರು 63 ಮೀಟರ ಮತ್ತು 31 ಮೀಟರ ಆಗುವವು. ಕುದುರೆಯ ಒಳಗಾಲುಗಳಿಗೂ ಹೊರಗಾಲುಗಳಿಗೂ ನಡುವೆ 30 ಸೆಂಟಿಮೀಟರ ಅಂತರವಿದೆಯೆಂದು ಹಿಡಿಯಿರಿ. ಒಂದು ಪೂರ್ಣ ಸುತ್ತಿನಲ್ಲಿ ಹೊರಗಾಲುಗಳು ಒಳಗಾಲುಗಳಿಗಿಂತ ಎಷ್ಟು ಹೆಚ್ಚು ದೂರ ನಡೆಯಬೇಕು? ಎರಡು ಪಟ್ಟು 22/7, ಅದನ್ನು 30ರಿಂದ ಗುಣಿಸಿದರೆ ಸುಮಾರು 189 ಸೆಂಟಿಮೀಟರ. ಸ್ವಾರಸ್ಯವೇನೆಂದರೆ ಈ ಉತ್ತರದಲ್ಲಿ ವರ್ತುಲದ ತ್ರಿಜ್ಯವೇ ಇಲ್ಲ. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಅಂತರ ಅಷ್ಟೇ. ಆದರೆ ದೊಡ್ಡ ಸುತ್ತಿನಲ್ಲಿ ಆ 189 ಸೆಂಟಿಮೀಟರನ್ನು 63 ಮೀಟರ ದಾರಿಯಲ್ಲಿ ಹಂಚಿಕೊಳ್ಳಬಹುದು. ಮೀಟರಿಗೆ 3 ಸೆಂಟಿಮೀಟರ ಬರುವದು. ಚಿಕ್ಕದರಲ್ಲಿ ಮೀಟರಿಗೆ 6 ಸೆಂಟಿಮೀಟರ. ಎಂದರೆ ಸುತ್ತು ಅರ್ಧವಾದರೆ ಪ್ರತಿಯೊಂದು ಹೆಜ್ಜೆಯ ಕಷ್ಟವೂ ಎರಡು ಪಟ್ಟಾಗುವದು. ಬಿಗಿಯಾದ ಕುದುರೆಯನ್ನು ಸಣ್ಣ ಸುತ್ತಿಗೆ ಎಳೆಯುವವನು ಅಕ್ಷರಮಾಲೆ ಬಾರದ ಮಗುವಿಗೆ ವ್ಯಾಕರಣದ ಪ್ರಶ್ನೆಯನ್ನು ಕೇಳಿದಂತೆ ಆಯಿತು. ನಾನು ಮಾಡುತ್ತಿದ್ದದ್ದು ಅದನ್ನೇ. ಗಣಿತದ ಶಿಕ್ಷಕನಾಗಿ ಇಷ್ಟು ಲೆಕ್ಕ ಮಾಡಲು ನನಗೆ ಎರಡು ತಿಂಗಳು ಬೇಕಾದವು.

ಅಷ್ಟರಲ್ಲಿ ನಡೆಯಬಾರದ್ದು ನಡೆದುಹೋಯಿತು. ಒಂದು ಭಾನುವಾರ ಮುಂಜಾನೆ ದಫೇದಾರರು ಇರಲಿಲ್ಲ. ಹೊಸಬರನ್ನು ಹೆಜ್ಜೆನಡಿಗೆಯಲ್ಲಿ ಮಾತ್ರ ತಿರುಗಾಡಿಸಬೇಕೆಂದು ಹೇಳಿ ಹೋಗಿದ್ದರು. ಬಾದಲ ಬಲಕ್ಕೆ ಬರಲೊಲ್ಲದು. ಬೇಲಿಯ ಆಚೆ ನಾಲ್ಕಾರು ಜನ ನೋಡುತ್ತ ನಿಂತಿದ್ದರು. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಬಲ ಲಗಾಮನ್ನು ಬಲವಾಗಿ ಸೆಳೆದು ಎಡತೊಡೆಯ ಮೇಲೆ ಚಬುಕಿನಿಂದ ಎರಡೇಟು ಹೊಡೆದೆ. ಬಾದಲ ಬಾಯಿ ತೆರೆದು ತಲೆಯನ್ನು ಆಕಾಶಕ್ಕೆತ್ತಿ ಹಿಂದಕ್ಕೆ ಹಿಂದಕ್ಕೆ ಸರಿದು ಬೇಲಿಗೆ ಒರಗಿತು. ನನ್ನ ಮೊಣಕಾಲು ಕಂಬಕ್ಕೆ ತಗುಲಿ ಊದಿಕೊಂಡಿತು. ಅದು ದೊಡ್ಡ ಮಾತಲ್ಲ. ನಾನು ಇಳಿದಾಗ ಮಗಳು ನನ್ನೊಡನೆ ಮಾತನಾಡಲಿಲ್ಲ. ನೇರವಾಗಿ ಬಾದಲನ ಲಾಯಕ್ಕೆ ಹೋದಳು.

ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಕೇಳಿಸಿತು: “ಅಪ್ಪಾ, ಇಲ್ಲಿ ಬರ್ರಿ. ಇದು ಉಂಡದ್ದೆಲ್ಲಾ ಉಗುಳೇದ ನೋಡ್ರಿ.” ಗ್ವಾದಲಿಯ ಕೆಳಗೆ ಜೋಳದ ಕಣಿಕೆಯ ಅರೆ ಅಗಿದ ಉಂಡೆಗಳು ಬಿದ್ದಿದ್ದವು, ಕೋಳಿಮೊಟ್ಟೆಯ ಗಾತ್ರದವು. ಅವು ಅಲ್ಲಿ ಎಷ್ಟು ದಿನಗಳಿಂದ ಬೀಳುತ್ತಿದ್ದವೋ! ನಾನೂ ಕಂಡಿರಬೇಕು, ಕಸವೆಂದು ದಾಟಿ ಹೋಗಿರಬೇಕು. ಅವಳು ಅಂಗೈಯಲ್ಲಿ ಬೆಲ್ಲದ ತುಣುಕನ್ನು ಹಿಡಿದಾಗ ಬಾದಲ ಅದನ್ನು ಎಡದವಡೆಗೇ ಸರಿಸಿಕೊಂಡು ತಿಂದಿತು. ಬಲಗಲ್ಲವನ್ನು ಮುಟ್ಟಹೋದರೆ ಮುಖವನ್ನು ಕಿತ್ತುಕೊಂಡಿತು.

ಮರುದಿನ ದಫೇದಾರರು ಪಶುವೈದ್ಯರನ್ನು ಕರೆಯಿಸಿದರು. ಅವರು ಕುದುರೆಗೆ ಮಂಪರಿನ ಸೂಜಿಮದ್ದನ್ನು ಕೊಟ್ಟು, ಬಾಯಿಗೆ ಲೋಹದ ಚೌಕಟ್ಟನ್ನಿಟ್ಟು ಬ್ಯಾಟರಿಯ ಬೆಳಕಿನಲ್ಲಿ ನನಗೂ ಒಳಗೆ ತೋರಿಸಿದರು. ಕುದುರೆಯ ದವಡೆಹಲ್ಲುಗಳು ಬಹುಕಾಲ ಮೇಲೇರುತ್ತಲೇ ಇರುತ್ತವೆ, ಅಗಿಯುವದರಿಂದ ಸವೆಯುತ್ತಲೂ ಇರುತ್ತವೆ. ಮೇಲಿನ ದವಡೆಯು ಕೆಳಗಿನದಕ್ಕಿಂತ ಅಗಲವಾಗಿರುವದರಿಂದ ಸವೆತವು ಸಮವಾಗಿ ಆಗುವದಿಲ್ಲ. ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಚೂಪಾಗಿ ಉಳಿಯುತ್ತವೆ. ಬಾದಲನ ಬಲಗಡೆಯ ಮೇಲಿನ ಹಲ್ಲುಗಳು ಗರಗಸದಂತೆ ಆಗಿ ಕೆನ್ನೆಯ ಒಳಗೆ ಹುಣ್ಣು ಮಾಡಿದ್ದವು. ಕಡಿವಾಣವು ಕೂಡುವದು ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವಿನ ಬರಿಯ ಒಸಡಿನ ಮೇಲೆ. ಬಲ ಲಗಾಮನ್ನು ಹಿಂದಕ್ಕೆ ಸೆಳೆದಾಗ ಬಾಯ ಮೂಲೆಯ ಮೆತ್ತನೆಯ ಚರ್ಮವು ಆ ಗರಗಸಕ್ಕೇ ಒತ್ತುತ್ತಿತ್ತು. ನಾನು ಎರಡು ತಿಂಗಳು ಎಳೆದದ್ದು ಹುಣ್ಣನ್ನು. ಏಟು ಹೊಡೆದದ್ದು, ಅದು ನೋವಿನಿಂದ ದೂರ ಸರಿಯಿತೆಂಬುದಕ್ಕೆ.

ವೈದ್ಯರು ಉದ್ದ ಹಿಡಿಕೆಯ ಅರದಿಂದ ಅಂಚುಗಳನ್ನು ಉಜ್ಜಿ ನುಣುಪು ಮಾಡಿದರು. ವರ್ಷಕ್ಕೊಮ್ಮೆಯಾದರೂ ಬಾಯಿಯನ್ನು ಪರೀಕ್ಷಿಸಬೇಕೆಂದು ಹೇಳಿ, ಹುಣ್ಣು ಮಾಯುವವರೆಗೆ ಕಡಿವಾಣ ಹಾಕಕೂಡದೆಂದು ತಾಕೀತು ಮಾಡಿದರು. ಆ ರಾತ್ರಿ ನನಗೆ ಮುತ್ಯಾನ ಅಂಗೈ ನೆನಪಾಯಿತು. ಕುತ್ತಿಗೆಯಿಂದ ಬೆನ್ನಿನವರೆಗೆ ಎಳೆದ ಆ ಕೈ ಎಲ್ಲಿ ಕಾವು ಇದೆ, ಎಲ್ಲಿ ಬಾವು ಇದೆ, ಎಲ್ಲಿ ತೊಗಲು ನಡುಗುತ್ತದೆ ಎಂಬುದನ್ನು ಹುಡುಕುತ್ತಿತ್ತು. ನೊಣ ಕೂತರೂ ಅಷ್ಟೇ ಜಾಗದ ಚರ್ಮವನ್ನು ಅಲುಗಿಸಬಲ್ಲ ಪ್ರಾಣಿ ಅದು. ಕೇಳುವ ಕೈಗೆ ಹೇಳದೆ ಇರದು.

ಈ ವಿಷಯ ನಮ್ಮ ಪೂರ್ವಿಕರಿಗೆ ತಿಳಿಯದ್ದೇನೂ ಅಲ್ಲ. ಸೊಲ್ಲಾಪುರದಿಂದ ಪೂರ್ವಕ್ಕಿರುವ ಕಲ್ಯಾಣದಿಂದ ಆಳಿದ ಚಾಲುಕ್ಯರ ಕಾಲದಲ್ಲಿಯೇ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು. ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಕುರಿತು ಕನ್ನಡದಲ್ಲಿ ಗ್ರಂಥ ರಚಿಸಿದನು. ಅದೇ ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಮೇಲೆ ಕುಳಿತು ಚೆಂಡಾಡುವ ಆಟದ ವರ್ಣನೆಯಿದೆ. ಆ ಆಟದ ಬಯಲಿಗೆ ಅಲ್ಲಿ ‘ವಾಹ್ಯಾಲೀ’ ಎಂದು ಹೆಸರು. ನಮ್ಮ ಹಳೆಯ ಕಾವ್ಯಗಳ ‘ವೈಹಾಳಿ’ ಅದರ ನಂಟಿನದೇ. ಚೆಂಡಿನ ಬೆನ್ನು ಹತ್ತಿ ಎಡಕ್ಕೂ ಬಲಕ್ಕೂ ಸರಕ್ಕನೆ ಹೊರಳಬೇಕಾದ ಆಟದಲ್ಲಿ ಒಂದು ಮಗ್ಗುಲಿನ ಕುದುರೆಗೆ ಏನು ಬೆಲೆ? ದೂರದ ಗ್ರೀಸ ದೇಶದಲ್ಲಿಯೂ ಕ್ರಿ. ಪೂ. ನಾಲ್ಕನೆಯ ಶತಮಾನದ ಝೆನೊಫನನು ಸವಾರಿಯ ಬಗ್ಗೆ ಒಂದು ಪುಸ್ತಕವನ್ನು ಬರೆದಿದ್ದಾನೆ. ಸಿಟ್ಟಿನಲ್ಲಿರುವಾಗ ಕುದುರೆಯ ಗೊಡವೆಗೇ ಹೋಗಬಾರದೆಂದು ಅವನ ಉಪದೇಶ. ಅವನು ಸೇನಾಪತಿಯೂ ಆಗಿದ್ದವನು. ಮೆತ್ತಗಿನ ಮನುಷ್ಯನೆಂದು ತಳ್ಳಿಹಾಕುವಂತಿಲ್ಲ.

ಹಲ್ಲು ಸರಿಯಾದ ಮೇಲೆ ಕುದುರೆಯೂ ಸರಿಯಾಯಿತೆಂದು ನೀವು ಭಾವಿಸಿದರೆ ಅದು ತಪ್ಪು. ನೋವು ಹೋಗಿತ್ತು, ನೋವಿನ ನೆನಪು ಹೋಗಿರಲಿಲ್ಲ. ಹತ್ತು ವರ್ಷ ಎಡಕ್ಕೇ ಬಾಗಿದ ಸ್ನಾಯುಗಳು ಒಂದು ವಾರದಲ್ಲಿ ಬದಲಾಗವು. ಅಲ್ಲದೆ ನನ್ನ ಪಾಲಿನ ಬಿಗಿ ಇನ್ನೂ ಹಾಗೆಯೇ ಇತ್ತು.

ಬಾದಲನ ಬಾಯಿ ಮಾಯುವವರೆಗೆ ದಫೇದಾರರು ನನ್ನನ್ನು ಬೇರೊಂದು ಕುದುರೆಯ ಮೇಲೆ ಕೂಡಿಸಿ, ಅದರ ತಲೆಗೆ ಉದ್ದ ಹಗ್ಗ ಕಟ್ಟಿ, ತಾವು ನಡುವೆ ನಿಂತು ಸುತ್ತ ತಿರುಗಿಸಿದರು. ನನ್ನ ಕೈಯಿಂದ ಲಗಾಮನ್ನು ಕಸಿದರು, ಪಾದಗಳಿಂದ ರಿಕಾಬನ್ನೂ ತೆಗೆಯಿಸಿದರು. ಎರಡೂ ತೋಳುಗಳನ್ನು ಅಗಲ ಚಾಚಿಸಿ, ಕಣ್ಣು ಮುಚ್ಚಿಸಿ, ಯಾವ ಹಿಂಗಾಲು ಈಗ ನೆಲ ಬಿಡುತ್ತಿದೆಯೆಂದು ಕೇಳುವರು. ಮೊದಮೊದಲು ನನ್ನ ಉತ್ತರಗಳೆಲ್ಲ ತಪ್ಪು. ಹೆಜ್ಜೆನಡಿಗೆಯಲ್ಲಿ ನಾಲ್ಕು ಸಪ್ಪಳ, ಕುಕ್ಕುಲೋಟದಲ್ಲಿ ಎರಡು, ಅದಕ್ಕಿಂತ ಮುಂದಿನ ಓಟದಲ್ಲಿ ಮೂರು, ನಾಗಾಲೋಟದಲ್ಲಿ ಮತ್ತೆ ನಾಲ್ಕು ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಅದನ್ನು ಸೊಂಟದಿಂದ ಓದುವದು ಅಲ್ಲಿ ಮೊದಲಾಯಿತು. ಹದಿನೈದು ದಿನಗಳಾದ ಮೇಲೆ ಹತ್ತರಲ್ಲಿ ಏಳು ಉತ್ತರ ಸರಿ ಬರತೊಡಗಿದವು.

ಆಗ ಒಂದು ಸಂಗತಿ ಹೊರಬಿತ್ತು. ನಾನು ಎಡತೊಡೆಯ ಮೇಲೆಯೇ ಭಾರ ಹಾಕಿ ಕೂಡುತ್ತಿದ್ದೆ. ಇಪ್ಪತ್ತು ವರ್ಷ ಕರಿಹಲಗೆಯ ಮುಂದೆ ಎಡಗಾಲ ಮೇಲೆ ನಿಂತು ಬಲಗೈಯೆತ್ತಿ ಬರೆದವನ ಸೊಂಟ ಇನ್ನು ಹೇಗಿದ್ದೀತು? ಬಲಕ್ಕೆ ತಿರುಗೆಂದು ಕೈಯಿಂದ ಹೇಳುತ್ತ, ಎಡಕ್ಕೆ ಬಾಯೆಂದು ಭಾರದಿಂದ ಕರೆಯುತ್ತಿದ್ದೆ. ಬಾದಲನಂಥ ಕುದುರೆಯು ಈ ಎರಡು ಮಾತುಗಳಲ್ಲಿ ಯಾವುದನ್ನು ಕೇಳಬೇಕು? ಭಾರವೂ ಅದಕ್ಕೆ ಚಿಕ್ಕ ಮಾತಲ್ಲ. ಕುದುರೆಯು ತನ್ನ ತೂಕದ ಐದರಲ್ಲಿ ಒಂದು ಪಾಲನ್ನು ಮೀರಿ ಹೊರಬಾರದೆಂಬ ರೂಢಿಯಿದೆ. ಬಾದಲನ ತೂಕ ಸುಮಾರು 360 ಕಿಲೋ. ಐದನೆಯ ಒಂದು ಪಾಲು 72. ನನ್ನ ತೂಕ 62, ಜೀನಿನದು 7, ಒಟ್ಟು 69. ಮೂರು ಕಿಲೋ ಮಾತ್ರ ಉಳಿಯಿತು. ಅಂದಿನಿಂದ ಸವಾರಿಯ ದಿನ ನಾನು ಎರಡನೆಯ ರೊಟ್ಟಿಗೆ ಕೈ ಹಾಕಿದರೆ ಮಗಳು ಕೆಮ್ಮುವಳು.

ಬಾದಲನ ಹೊಸ ಪಾಠಗಳು ಬಹಳ ನಿಧಾನವಾಗಿ ನಡೆದವು. ಮೊದಲ ಹತ್ತು ನಿಮಿಷ ಲಗಾಮನ್ನು ಉದ್ದಕ್ಕೆ ಬಿಟ್ಟು ಬರಿಯ ನಡಿಗೆ. ತಲೆಯು ತಾನಾಗಿ ಕೆಳಗಿಳಿಯಬೇಕು. ತಲೆ ಮೇಲೆ ನಿಂತಿರುವವರೆಗೆ ಬೆನ್ನು ಕೆಳಗೆ ಕುಸಿದಿರುತ್ತದೆ. ತಲೆ ಇಳಿದಂತೆ ಬೆನ್ನು ಏರುವದು. ಆಮೇಲೆ 20 ಮೀಟರಿನ ದೊಡ್ಡ ಸುತ್ತು. ಎಡಕ್ಕೆ ಎರಡು, ಬಲಕ್ಕೆ ಒಂದು. ಬಲಕ್ಕೆ ಹೋದಾಗ ಅರ್ಧ ಸುತ್ತು ಸರಿಯಾಗಿ ಬಂದರೂ ಸಾಕೆಂದು ಅಲ್ಲಿಯೇ ನಿಲ್ಲಿಸಿ ಕುತ್ತಿಗೆ ತಟ್ಟುವದು. ಬಲ ಲಗಾಮನ್ನು ಹಿಂದಕ್ಕೆ ಎಳೆಯದೆ, ಬಾಗಿಲನ್ನು ತೆರೆದಂತೆ ತುಸು ಬದಿಗೆ ತೆರೆಯಬೇಕು. ಬಲಮೀನಗಂಡದಿಂದ ಹೊಟ್ಟೆಯನ್ನು ಮೆಲ್ಲನೆ ಒತ್ತಿ, ಅದು ಒಪ್ಪಿದ ಕ್ಷಣವೇ ಒತ್ತುವದನ್ನು ಬಿಡಬೇಕು. ಈ ‘ಬಿಡುವದು’ ಎಂಬುದೇ ನನಗೆ ಎಲ್ಲಕ್ಕಿಂತ ಕಠಿಣವಾಯಿತು. ಒತ್ತಡ ಹೋದದ್ದೇ ಕುದುರೆಗೆ ಸಿಗುವ ‘ಶಾಬಾಸ್’. ಒಪ್ಪಿದ ಮೇಲೆಯೂ ಒತ್ತುತ್ತಲೇ ಇದ್ದರೆ ಒಪ್ಪಿ ಫಲವೇನು? ಪಾಲಕ ಬಂಧುಗಳು ಈ ಮಾತನ್ನು ತಮ್ಮ ಮನೆಯ ಅಭ್ಯಾಸದ ಮೇಜಿನ ಬಳಿ ಎಂದಾದರೂ ನೆನೆದರೆ ನನ್ನ ಅಡ್ಡಿಯಿಲ್ಲ.

ನಡುವೆ ಒಂದು ತಿಂಗಳು ಹಿಂದಕ್ಕೂ ಹೋದೆವು. ಲಗ್ನದ ತಿಥಿಗಳು ಬಂದು, ಸಮೀಪದ ಮಂಗಲ ಕಾರ್ಯಾಲಯದಿಂದ ಬ್ಯಾಂಡಿನ ಸದ್ದು ತೇಲಿ ಬಂದರೆ ಸಾಕು, ಬಾದಲ ಕುತ್ತಿಗೆಯನ್ನು ಸೆಟೆದು ಮುಂಗಾಲೆತ್ತಿ ಕುಣಿಯತೊಡಗುವದು. ಹಳೆಯ ಪಾಠವನ್ನು ಅದು ಎಷ್ಟು ಶ್ರದ್ಧೆಯಿಂದ ಒಪ್ಪಿಸುತ್ತಿತ್ತೆಂದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಬಯ್ಯದೆ, ತಡೆಯದೆ, ಸದ್ದು ನಿಲ್ಲುವವರೆಗೆ ದೊಡ್ಡ ಸುತ್ತಿನಲ್ಲಿ ನಡೆಸುತ್ತಿದ್ದೆವು.

ಈ ದುಂಡು ಸುತ್ತಿನ ಬೆಲೆಯು ದೊಡ್ಡ ದೊಡ್ಡ ಸ್ಪರ್ಧೆಗಳಲ್ಲಿಯೂ ಇದೆ. ಬೆಂಗಳೂರಿನ ಫವಾದ ಮಿರ್ಝಾರವರು 2018ರಲ್ಲಿ ಜಕಾರ್ತಾದ ಏಶಿಯನ್ ಕ್ರೀಡೆಗಳಲ್ಲಿ ವೈಯಕ್ತಿಕವಾಗಿ ಒಂದು, ತಂಡದೊಡನೆ ಇನ್ನೊಂದು ರಜತ ಪದಕವನ್ನು ಗೆದ್ದರೆಂಬುದನ್ನು ನೀವು ಕೇಳಿರಬಹುದು. ಆ ಸ್ಪರ್ಧೆಯಲ್ಲಿ ಬೇಲಿ ಹಳ್ಳಗಳನ್ನು ಹಾರುವದು ಆಮೇಲಿನ ಮಾತು. ಮೊದಲನೆಯ ಪರೀಕ್ಷೆ ಸಮತಟ್ಟಾದ ಅಂಗಣದಲ್ಲಿ ಗೆರೆಗಳನ್ನೂ ವರ್ತುಲಗಳನ್ನೂ ಕುದುರೆಯಿಂದ ಬರೆಯಿಸುವದು. ಎಡದ ಸುತ್ತಿಗೂ ಬಲದ ಸುತ್ತಿಗೂ ಪರೀಕ್ಷಕರು ಗುಣಗಳನ್ನು ಕೊಡುವರು. ಹೀಗಾಗಿ ಒಂದು ಮಗ್ಗುಲಿನಲ್ಲಿ ಜಾಣನಾದರೆ ಸಾಲದು. ಟೀವಿಯಲ್ಲಿ ಜನರು ಆ ಭಾಗ ಬಂದಾಗ ಚಹಾ ಮಾಡಲು ಏಳುತ್ತಾರೆ. ನಮ್ಮ ಮನೆಯಲ್ಲಿ ಈಗ ಆ ಹೊತ್ತಿಗೆ ಯಾರೂ ಏಳುವದಿಲ್ಲ.

ವರ್ಷ ತುಂಬಿದ ದಿನ ದಫೇದಾರರು ಅಂಗಣದ ಮಣ್ಣನ್ನು ಕುಂಟೆ ಹೊಡೆದು ನುಣುಪಾಗಿಸಿ, ಬಾದಲನ ಮೇಲೆ ನನ್ನಿಂದ ಬಲಕ್ಕೆ ಒಂದೇ ಒಂದು ದೊಡ್ಡ ಸುತ್ತನ್ನು ಕುಕ್ಕುಲೋಟದಲ್ಲಿ ಹಾಕಿಸಿದರು. ಚಬುಕು ಇಲ್ಲ. ಬಾದಲನ ಬಲಗಿವಿ ನನ್ನ ಕಡೆಗೆ ತಿರುಗಿತ್ತು. ಬಾಯಲ್ಲಿ ಕಡಿವಾಣವನ್ನು ಮೆಲ್ಲುತ್ತ, ಮೂಗಿನಿಂದ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಿತು. ನಾನು ಇಳಿದೊಡನೆ ಮಗಳು ನಡುವೆ ಗೂಟ ನೆಟ್ಟು, 10 ಮೀಟರಿನ ಹಗ್ಗ ಕಟ್ಟಿ, ಗೊರಸಿನ ಗುರುತುಗಳ ಮೇಲೆ ಅದನ್ನು ಹಿಡಿದು ಸುತ್ತಿದಳು. ಮೂರು ದಿಕ್ಕಿನಲ್ಲಿ ಗುರುತುಗಳು ಹಗ್ಗದ ತುದಿಗೆ ಒಂದು ಗೇಣಿನ ಆಚೆ ಈಚೆ ಇದ್ದವು. ಲಾಯದ ಬಾಗಿಲಿನ ಕಡೆ ಮಾತ್ರ ದಾರಿಯು ಒಂದೂವರೆ ಮೀಟರ ಹೊರಕ್ಕೆ ಉಬ್ಬಿತ್ತು.

“ಅಲ್ಲಿ ಅದಕ್ಕ ಚಂದಿ ನೆನಪಾಗೇದ” ಎಂದು ದಫೇದಾರರು ಅಂದರು. ಮಗಳು ಅದನ್ನು ತನ್ನ ವಹಿಯಲ್ಲಿ ಅಂಕಿಗಳ ಸಹಿತ ಬರೆದುಕೊಂಡಳು. ಈಗಲೂ ಪ್ರತಿ ತಿಂಗಳ ಮೊದಲನೆಯ ಭಾನುವಾರ ಹಗ್ಗ ಹಿಡಿದು ಅಳೆಯುತ್ತಾಳೆ. ಕಳೆದ ಸಲ ಆ ಉಬ್ಬು 80 ಸೆಂಟಿಮೀಟರ ಇತ್ತು.